ಒಂದೇ ಕೋಣೆ, ನಡುವೆ ಪರದೆ: ಹಳೇ ಗೇಮಿಗೆ ಪೈ ಹದ ಮಾಡುವುದು

ಉರಿಗಾಂನ ಗಣಿ ಲೈನ್ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಇರುವುದೇ ಒಂದು ಕೋಣೆ. ನಡುವೆ ಹಳೇ ಸೀರೆಯ ಪರದೆ ಕಟ್ಟಿದರೆ ಈಚೆ ಅಡುಗೆ, ಆಚೆ ಮಲಗುವ ಜಾಗ. ಪರದೆ ಅತ್ತ ಸರಿಸಿದರೆ ಅಡುಗೆಗೆ ಅನುಕೂಲ, ಮಲಗಿದವರು ಕಾಲು ಮಡಚಬೇಕು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೆಮೊರಿಯೂ ಹೀಗೇ. ಇರುವ ಒಂದೇ ರ‍್ಯಾಮಿನಲ್ಲಿ ಒಂದು ಪಾಲು ಪ್ರೊಸೆಸರಿಗೆ, ಮತ್ತೊಂದು ಚಿತ್ರ ಬಿಡಿಸುವ ಜಿಪಿಯುಗೆ.

ಇಂಜಿನಿಯರಿಂಗ್ ಪ್ರಾಜೆಕ್ಟ್ ಮುಗಿದ ಮೇಲೆ ಬೀರುವಿನಲ್ಲಿ ಬಿದ್ದಿರುವ ಪೈಗೆ ರೆಟ್ರೋಪೈ ತಂತ್ರಾಂಶ ಹಾಕಿದರೆ ತೊಂಬತ್ತರ ದಶಕದ ಕ್ಯಾಸೆಟ್ ಗೇಮುಗಳು ಮತ್ತೆ ಟಿವಿಗೆ ಬರುತ್ತವೆ. ಆಟ ತಡವರಿಸಿತೋ, ಎಲ್ಲರ ಬಾಯಲ್ಲೂ ಒಂದೇ ಸಲಹೆ: ಜಿಪಿಯು ಮೆಮೊರಿ ಜಾಸ್ತಿ ಮಾಡು. ನನ್ನ ಅನುಭವದಲ್ಲಿ ಬಹಳ ಸಲ ಅದು ತಪ್ಪು ಮದ್ದು.

ಮೊದಲು ಬೋರ್ಡು ಯಾವುದೆಂದು ನೋಡಿ. ಪೈ 4 ಅಥವಾ 5 ಆಗಿದ್ದರೆ ಈ ಪರದೆಯ ಗೊಡವೆಯೇ ಬೇಡ. ಅವುಗಳ ತ್ರೀಡಿ ಭಾಗ ತನಗೆ ಬೇಕಾದಷ್ಟನ್ನು ಲಿನಕ್ಸ್‌ನಿಂದಲೇ ಕೇಳಿ ಪಡೆಯುತ್ತದೆ. ಅಂಥವರು ನೇರವಾಗಿ ಕರೆಂಟಿನ ಮಾತಿಗೆ ಹೋಗಬಹುದು. ಇಲ್ಲಿ ಹೇಳುವುದು 1 ಜಿಬಿಯ ಪೈ 3 ಮತ್ತು 512 ಎಂಬಿಯ ಝೀರೋ 2 ಡಬ್ಲ್ಯು ಬಗ್ಗೆ.

ಕೈ ಹಾಕುವ ಮುನ್ನ ಅಳೆಯಿರಿ. ಮೆನುವಿನಲ್ಲಿ ಕೀಬೋರ್ಡಿನ ಎಫ್4 ಒತ್ತಿದರೆ ಕಪ್ಪು ಪರದೆ ಬರುತ್ತದೆ. ಅಲ್ಲಿ 'ವಿಸಿಜೆನ್‌ಸಿಎಂಡಿ ಗೆಟ್_ಮೆಮ್ ಜಿಪಿಯು' ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪಿಸಿದರೆ ಈಗಿನ ಪಾಲು ಕಾಣುತ್ತದೆ. ಬರೆದಿಟ್ಟುಕೊಳ್ಳಿ.

ಬಳಿಕ ಪೈ ಆರಿಸಿ, ಮೆಮೊರಿ ಕಾರ್ಡನ್ನು ಮನೆಯ ಕಂಪ್ಯೂಟರಿಗೆ ಹಾಕಿ. 'ಬೂಟ್' ಎಂಬ ಸಣ್ಣ ವಿಭಾಗದಲ್ಲಿ 'ಕಾನ್ಫಿಗ್' ಎಂಬ ಟೆಕ್ಸ್ಟ್ ಫೈಲು ಇರುತ್ತದೆ. ಅದರ ಒಂದು ಪ್ರತಿಯನ್ನು ಬೇರೆಡೆ ಉಳಿಸಿಯೇ ಮುಂದುವರಿಯಿರಿ; ಪೈ ಏಳದೇ ಹೋದರೆ ಅದನ್ನೇ ವಾಪಸ್ ಹಾಕಿದರಾಯಿತು. ಫೈಲಿನಲ್ಲಿ 'ಜಿಪಿಯು_ಮೆಮ್_512=256' ಎಂಬಂಥ ಸಾಲುಗಳಿರುತ್ತವೆ. ನಡುವಿನ ಅಂಕಿ ಬೋರ್ಡಿನ ರ‍್ಯಾಮ್, ಕೊನೆಯದು ಜಿಪಿಯು ಪಾಲು. ನಾನು ಇದನ್ನು ಗಮನಿಸದೆ ಕೆಳಗೆ ಬರೀ 'ಜಿಪಿಯು_ಮೆಮ್' ಎಂದು ಹೊಸ ಸಾಲು ಸೇರಿಸಿ, ಏನೂ ಬದಲಾಗಲಿಲ್ಲವಲ್ಲ ಎಂದು ಒಂದಿಡೀ ಭಾನುವಾರ ತಲೆ ಕೆರೆದುಕೊಂಡಿದ್ದೆ. ರ‍್ಯಾಮಿನ ಅಂಕಿ ಇರುವ ಸಾಲು ಇದ್ದರೆ ನಡೆಯುವುದು ಅದರ ಮಾತೇ. ತಿದ್ದುವುದಾದರೆ ಅದನ್ನೇ ತಿದ್ದಿ.

ಎಷ್ಟಿಡಬೇಕು? ಮೊದಲ ಸೂಪರ್ ಮಾರಿಯೋ ಆಟದ ಗಾತ್ರವೇ ಬರೀ 40 ಕೆಬಿ. ಅಂಥ ಆಟಗಳಲ್ಲಿ, ಮೊದಲ ಪ್ಲೇಸ್ಟೇಷನ್‌ನದರಲ್ಲೂ, ಚಿತ್ರ ಬಿಡಿಸುವ ಹೆಚ್ಚಿನ ಕೆಲಸ ಇಲ್ಲಿ ಪ್ರೊಸೆಸರಿನದು; ಜಿಪಿಯು ಅದನ್ನು ಟಿವಿಯಗಲಕ್ಕೆ ಹಿಗ್ಗಿಸುತ್ತದೆ, ಅಷ್ಟೆ. ಹಾಗಾಗಿ ಝೀರೋ 2ರಲ್ಲಿ 128 ಸಾಕು, ಮಿಕ್ಕ 384 ಎಂಬಿ ಲಿನಕ್ಸ್‌ಗೆ ಸಿಗುತ್ತದೆ. ಜಿಪಿಯುವನ್ನು ನಿಜವಾಗಿ ದುಡಿಸುವುದು ನಿಂಟೆಂಡೊ 64ರಂಥ ತ್ರೀಡಿ ಆಟಗಳು. ಅವು ಬೇಕೆಂದರೆ 256. ಪೈ 3ರಲ್ಲಿ 256 ಇದ್ದರೆ ಮುಟ್ಟಲೇಬೇಡಿ. 512ಕ್ಕೆ ಏರಿಸಿದವರಿಗೆ ವೇಗ ಹೆಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಮೆನುವಿನಲ್ಲಿ ಗೇಮುಗಳ ಮುಖಚಿತ್ರದ ಬದಲು ಬಿಳಿ ಚೌಕಗಳು ಬಂದರೆ ಮಾತ್ರ ಅದು ಜಿಪಿಯು ಮೆಮೊರಿ ಸಾಲದ ಲಕ್ಷಣ. ಆಗಲೂ ಮೊದಲು ಸಣ್ಣ ಚಿತ್ರಗಳ ಸರಳ ಥೀಮ್ ಹಾಕಿ ನೋಡಿ. ಟಿವಿಯನ್ನು 720ಪಿಗೆ ಇಳಿಸುವುದೂ ಒಳ್ಳೆಯ ಉಪಾಯ: 1080ಪಿಯ ಒಂದು ಚಿತ್ರಕ್ಕೆ ಸುಮಾರು 8.3 ಎಂಬಿ ಬೇಕಾದರೆ 720ಪಿಗೆ 3.7 ಸಾಕು. ಅದೇ ಫೈಲಿನಲ್ಲಿ 'ಎಚ್‌ಡಿಎಂಐ_ಗ್ರೂಪ್=1', 'ಎಚ್‌ಡಿಎಂಐ_ಮೋಡ್=4' ಎಂದು ಬರೆದರೆ ಆಯಿತು. ಇನ್ನೂರ ನಲವತ್ತು ಗೆರೆ ಎತ್ತರದ ಮಾರಿಯೋ ಆಟಕ್ಕೆ ಇದರಿಂದ ಏನೂ ಕೊರತೆಯಿಲ್ಲ.

ಇನ್ನು ಕರೆಂಟು. ಆಟದ ನಡುವೆ ಟಿವಿಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದರೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಆಗ ಪೈ ತಾನಾಗಿ ವೇಗ ತಗ್ಗಿಸಬಹುದು, ನಾವು ಮೆಮೊರಿಯನ್ನು ಬಯ್ಯುತ್ತೇವೆ. ಕಪ್ಪು ಪರದೆಯಲ್ಲಿ 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' ಎಂದು ಕೇಳಿ. ಉತ್ತರ '0ಎಕ್ಸ್0' ಬಂದರೆ ಸರಿ. ಬೇರೇನಾದರೂ ಬಂದು, ಮಿಂಚಿನ ಗುರುತೂ ಕಂಡಿದ್ದರೆ ಮೊದಲು ಮೊಬೈಲ್ ಚಾರ್ಜರ್ ಮತ್ತು ತೆಳ್ಳನೆಯ ಕೇಬಲ್ ಬದಲಿಸಿ. ಪೈ 3ಕ್ಕೆ 2.5 ಆಂಪಿಯರ್ ಅಡಾಪ್ಟರ್ ಬೇಕು.

1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದ ಊರು ನಮ್ಮದು. ಹಾಗೆಂದು ಸಂಜೆಯ ಕರೆಂಟನ್ನು ನಂಬಿ ಕೂರಬೇಡಿ. ಆಟ ಮುಗಿದೊಡನೆ ಮೆನುವಿನಿಂದಲೇ ಶಟ್‌ಡೌನ್ ಮಾಡಿ, ಹಸಿರು ದೀಪ ಆರಿದ ಮೇಲೆ ಸ್ವಿಚ್ ತೆಗೆಯಿರಿ. ಬರೆಯುವ ನಡುವೆ ಕರೆಂಟು ಹೋದರೆ ಮೆಮೊರಿ ಕಾರ್ಡೇ ಕೆಡಬಹುದು. ಇಷ್ಟೆಲ್ಲ ಹದ ಮಾಡಿದ್ದನ್ನು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.