ಬಂಪರಿನ ಮೆರುಗು ಮತ್ತು ಘರ್ಷಣೆಯ ಉಷ್ಣ

ಚಳಿಗಾಲದ ಮುಂಜಾನೆ ಅಂಗೈಗಳನ್ನು ಉಜ್ಜಿ ಬೆಚ್ಚಗಾಗಿಸಿಕೊಳ್ಳುವುದನ್ನು ಯಾರೂ ನಮಗೆ ಪಾಠ ಮಾಡಿ ಕಲಿಸಿಲ್ಲ. ಆದರೆ ಅದೇ ಘರ್ಷಣೆಯ ಉಷ್ಣವು ಕಾರಿನ ಬಂಪರಿನ ಮೇಲೆ ಏನು ಮಾಡಬಲ್ಲುದೆಂಬುದನ್ನು ನಾನು ನಷ್ಟಪಟ್ಟೇ ಕಲಿಯಬೇಕಾಯಿತು. ಬಾಗಿಲಿನ ಮೇಲಿನ ಗೀರುಗಳನ್ನು ಪಾಲಿಷ್ ಯಂತ್ರದಿಂದ ಅಂದವಾಗಿ ತೆಗೆದು, ಅದೇ ಹುರುಪಿನಲ್ಲಿ ಬಂಪರಿನ ಮೂಲೆಗೆ ಬಂದೆ. ಕೆಲವೇ ಕ್ಷಣಗಳಲ್ಲಿ ಅಲ್ಲಿಯ ಬಣ್ಣ ಮೆತ್ತಗಾಗಿ ಎದ್ದುಹೋಗಿ, ಒಳಗಿನ ಕಪ್ಪು ಪ್ಲಾಸ್ಟಿಕ್ಕು ಇಣುಕಿತು. ಯಂತ್ರವೂ ಅದೇ, ಕೈಯೂ ಅದೇ. ಬಾಗಿಲಿಗೆ ಒಗ್ಗಿದ್ದು ಬಂಪರಿಗೆ ಏಕೆ ಒಗ್ಗಲಿಲ್ಲ?

ಅಂಬಾಸಡರ್ ಕಾರಿನ ಬಂಪರು ಕ್ರೋಮಿಯಂ ಲೇಪಿಸಿದ ಉಕ್ಕಿನದು. 1972ರಲ್ಲಿ ಫ್ರಾನ್ಸಿನ ರೆನೋ 5 ಪ್ಲಾಸ್ಟಿಕ್ ಬಂಪರು ಧರಿಸಿ ಬಂದಿತು. ಇಂದಿನ ಬಹುತೇಕ ಕಾರುಗಳ ಬಂಪರು ಪಾಲಿಪ್ರೊಪಿಲೀನ್ ಮಿಶ್ರಣದ ಕವಚವಾಗಿದ್ದು, ಅದರ ಮೇಲೆ ಬಣ್ಣವೂ ಬಣ್ಣದ ಮೇಲೆ ಪಾರದರ್ಶಕವಾದ ಲೇಪವೂ ಇರುತ್ತವೆ. ಈ ಮೇಲ್ಲೇಪದ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನು. ನಮ್ಮ ತಲೆಗೂದಲಿಗಿಂತಲೂ ತೆಳು.

ಉಕ್ಕಿನ ಉಷ್ಣವಾಹಕತೆಯು ಪಾಲಿಪ್ರೊಪಿಲೀನಿನದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಹತ್ತು ಸೆಕೆಂಡಿನಲ್ಲಿ ಶಾಖವು ಉಕ್ಕಿನಲ್ಲಿ ಒಂದು ಸೆಂಟಿಮೀಟರಿಗೂ ಮೀರಿ ಹರಡಿದರೆ, ಈ ಪ್ಲಾಸ್ಟಿಕ್ಕಿನಲ್ಲಿ ಸುಮಾರು ಒಂದು ಮಿಲಿಮೀಟರು ಮಾತ್ರ ಇಳಿಯುತ್ತದೆ. ಬಾಗಿಲಿನ ತಗಡು ಶಾಖವನ್ನು ಸುತ್ತಲೂ ಹಂಚಿಬಿಡುತ್ತದೆ. ಬಂಪರಿನಲ್ಲಿ ಅದು ಹುಟ್ಟಿದಲ್ಲಿಯೇ, ಅಂದರೆ ಬಣ್ಣದಲ್ಲಿಯೇ, ಉಳಿಯುತ್ತದೆ.

ಹಾಗೆ ಹುಟ್ಟುವ ಶಾಖವೆಷ್ಟು? 150 ಮಿಲಿಮೀಟರ್ ವ್ಯಾಸದ ಸ್ಪಂಜಿನ ಬಿಲ್ಲೆಯು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆಯೆನ್ನೋಣ. ಅಂಚಿನ ವೇಗ ಸೆಕೆಂಡಿಗೆ ಸುಮಾರು 12 ಮೀಟರು. ಇಡೀ ಬಿಲ್ಲೆಯ ಸರಾಸರಿ ವೇಗ 8 ಮೀಟರು. ಎರಡು ಕಿಲೋಗ್ರಾಮಿನ ತೂಕದಷ್ಟು, ಎಂದರೆ 20 ನ್ಯೂಟನ್ ಬಲದಿಂದ ಒತ್ತಿದಾಗ, ಘರ್ಷಣಾಂಕವನ್ನು 0.5 ಎಂದು ಹಿಡಿದರೆ ಘರ್ಷಣಬಲ 10 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ 80 ವ್ಯಾಟ್ ದೊರೆಯುತ್ತದೆ. ಇದರಲ್ಲಿ ಒಂದು ಪಾಲನ್ನು ಸ್ಪಂಜು ಹೀರಿಕೊಳ್ಳುವುದೇನೋ ನಿಜ. ಆದರೆ ಬಿಲ್ಲೆಯನ್ನು ಓರೆಮಾಡಿ ಹಿಡಿದರೆ ಶಾಖವೆಲ್ಲವೂ ಕೆಲವೇ ಚದರ ಸೆಂಟಿಮೀಟರಿನಲ್ಲಿ ಒಟ್ಟುಗೂಡುತ್ತದೆ. ನಾನು ಮಾಡಿದ್ದು ಇದನ್ನೇ.

ಮೂಲೆಯಲ್ಲಿ ಮತ್ತೊಂದು ಅಪಾಯವುಂಟು. ಬಣ್ಣ ಇನ್ನೂ ದ್ರವವಾಗಿರುವಾಗ ಮೇಲ್ಮೈಸೆಳೆತವು ಅದನ್ನು ಚೂಪಾದ ಅಂಚಿನಿಂದ ಹಿಂದಕ್ಕೆಳೆಯುವುದರಿಂದ ಅಲ್ಲಿ ಲೇಪ ತೆಳುವಾಗಿಯೇ ಒಣಗುತ್ತದೆ. ದಪ್ಪವನ್ನು ಅಳೆದು ನೋಡೋಣವೆಂದರೆ ಸಾಮಾನ್ಯ ಮಾಪಕಗಳು ಅಡಿಯ ಲೋಹದ ಕಾಂತಗುಣವನ್ನೋ ಸುಳಿಪ್ರವಾಹವನ್ನೋ ನಂಬಿದವು. ಪ್ಲಾಸ್ಟಿಕ್ಕಿನ ಮೇಲೆ ಅವು ಮೂಕ.

ಮನೆಯಲ್ಲಿ ಈ ಕೆಲಸಕ್ಕೆ ಇಳಿಯುವವರು ಒಂದೇ ಅಕ್ಷದ ಸುತ್ತ ತಿರುಗುವ ಯಂತ್ರವನ್ನು ಬಿಟ್ಟು, ಬಿಲ್ಲೆ ತಿರುಗುತ್ತಲೇ ಸಣ್ಣ ವೃತ್ತದಲ್ಲಿ ಪರಿಭ್ರಮಿಸುವ ಯಂತ್ರವನ್ನು ಆರಿಸುವುದು ಲೇಸು. ವೃತ್ತದ ವ್ಯಾಸ 15 ಮಿಲಿಮೀಟರಿದ್ದು ನಿಮಿಷಕ್ಕೆ 4,500 ಪರಿಭ್ರಮಣಗಳಾದರೂ ಅದರ ವೇಗ ಸೆಕೆಂಡಿಗೆ ಮೂರೂವರೆ ಮೀಟರು ಮಾತ್ರ. ಒತ್ತಿದರೆ ಬಿಲ್ಲೆಯ ತಿರುಗಾಟ ತಾನಾಗಿಯೇ ಕುಗ್ಗುತ್ತದೆ.

ಬಂಪರನ್ನು ಚೆನ್ನಾಗಿ ತೊಳೆದು ಒರೆಸಬೇಕು. ಉಳಿದ ಒಂದು ಮರಳಿನ ಕಣವೂ ಹೊಸ ಗೀರುಗಳನ್ನು ಎಳೆಯಬಲ್ಲುದು. ಬಿಸಿಲಿನಲ್ಲಿ ನಿಂತ ಕಾರನ್ನು ನೆರಳಿಗೆ ತಂದು ಪೂರ್ತಿ ತಣಿಸಬೇಕು. ಅಂಚುಗಳಿಗೆ ಕಾಗದದ ಅಂಟುಪಟ್ಟಿ ಹಚ್ಚಿ, 75 ಮಿಲಿಮೀಟರಿನ ಮೆತ್ತನೆಯ ಬಿಲ್ಲೆಯನ್ನೂ ಇದ್ದುದರಲ್ಲಿ ಅತಿ ನಯವಾದ ಪಾಲಿಷನ್ನೂ ಮೊದಲು ಒಂದು ಮರೆಯ ಜಾಗದಲ್ಲಿ ಪರೀಕ್ಷಿಸಬೇಕು. ಬಿಲ್ಲೆಯನ್ನು ಮೇಲ್ಮೈಗೆ ಸಮನಾಗಿ ತಾಗಿಸಿದ ಮೇಲೆಯೇ ಸ್ವಿಚ್ಚು ಒತ್ತತಕ್ಕದ್ದು. ಅನಂತರ ಅದು ಎಲ್ಲಿಯೂ ನಿಲ್ಲಕೂಡದು. ಎರಡು ಮೂರು ಬಾರಿ ಆಡಿಸಿದೊಡನೆ ಯಂತ್ರ ನಿಲ್ಲಿಸಿ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದೆಗೆಯುವಂತಿದ್ದರೆ ತಣಿಯಲು ಬಿಡಿ. ಬಿಲ್ಲೆಗೆ ಕಾರಿನ ಬಣ್ಣ ಹತ್ತಿತೆಂದರೆ ಪಾರದರ್ಶಕ ಲೇಪ ಸವೆದಿರಬಹುದು. ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಉಗುರಿಗೆ ಸಿಕ್ಕುವಷ್ಟು ಆಳದ ಗೀರನ್ನು ತೆಗೆಯುವ ಹಟ ಬೇಡ.

ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ. ತಂತಿಯನ್ನು ಹೆಗಲ ಮೇಲೆ ಹಾಯಿಸಿಕೊಂಡರೆ ಅದು ಬಿಲ್ಲೆಗೆ ಸಿಕ್ಕಿಕೊಳ್ಳುವುದಿಲ್ಲ. ಕಾರು ತೊಳೆದ ಒದ್ದೆ ನೆಲದ ಮೇಲೆ ನಿಂತು ಯಂತ್ರ ಹಿಡಿಯಕೂಡದು. ವಿದ್ಯುತ್ತು ಸೋರಿದೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚು ಮನೆಯಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಬಿಲ್ಲೆ ಬದಲಿಸುವಾಗ ಪ್ಲಗ್ಗನ್ನು ಕಿತ್ತಿಡಬೇಕು. ಬಂಪರಿಗೆ ಈಚೆಗಷ್ಟೇ ಬಣ್ಣ ಹೊಡೆಸಿದ್ದರೆ, ಲೇಪದೊಳಗಿನ ದ್ರಾವಕ ಪೂರ್ತಿ ಆರಿರುವುದಿಲ್ಲ. ಬಣ್ಣದವರು ಹೇಳಿದಷ್ಟು ದಿನ ಯಂತ್ರವನ್ನು ಅದರ ಹತ್ತಿರ ಒಯ್ಯಬಾರದು.