ವಯಸ್ಸಾಯಿತು, ಆಸೆ ಬೇಡವೇ?



ನಮ್ಮ ದಿನ ಹೇಗೆ ಕಳೆಯುತ್ತದೆ? ಕೋಳಿ ಕೂಗುವ ಮೊದಲೇ ಏಳುತ್ತೇವೆ. ಕಸ ಗುಡಿಸುತ್ತೇವೆ. ನೀರು ತರುತ್ತೇವೆ. ಅಡುಗೆ ಮಾಡುತ್ತೇವೆ. ಹೊಲಕ್ಕೋ ಕೂಲಿಗೋ ಹೋಗುತ್ತೇವೆ. ಮೊದಲು ಮಕ್ಕಳನ್ನು ಸಾಕಿದೆವು. ಈಗ ಮೊಮ್ಮಕ್ಕಳನ್ನು ಎತ್ತಿಕೊಂಡಿದ್ದೇವೆ. ಇದೆಲ್ಲ ಮನೆಯವರಿಗಾಗಿ. ನಮಗಾಗಿ ನಾವು ಏನು ಮಾಡಿಕೊಳ್ಳುತ್ತೇವೆ?

ಯಾರಾದರೂ ಹೀಗೆ ಕೇಳಿದರೆ ನಗು ಬರುತ್ತದೆ. "ಅಯ್ಯೋ, ಈ ವಯಸ್ಸಲ್ಲಿ ನಮಗೇನು ಬೇಕು ಬಿಡಿ" ಅಂತೇವೆ.

ಆದರೆ ನಿಜ ಹೇಳಿ. ಬಿಸಿನೀರು ತಲೆಯ ಮೇಲೆ ಬಿದ್ದರೆ ಹಾಯೆನಿಸುವುದಿಲ್ಲವೇ? ಮಲ್ಲಿಗೆಯ ವಾಸನೆ ಬಂದರೆ ತಿರುಗಿ ನೋಡುವುದಿಲ್ಲವೇ? ಕಟ್ಟೆಯ ಮೇಲೆ ಕೂತು ಕತೆ ಕೇಳಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅಲ್ಲವೇ? ಇವು ಸಣ್ಣ ಸುಖಗಳು. ಹೆಚ್ಚು ದುಡ್ಡು ಬೇಡ. ಯಾರಿಗೂ ತೊಂದರೆ ಇಲ್ಲ. ಈ ಸುಖಗಳ ಬಗ್ಗೆ ಇಂದು ಓದೋಣ.

ಎಣ್ಣೆ ನೀರು

ಯುಗಾದಿಗೆ, ದೀಪಾವಳಿಗೆ ಮನೆಮಂದಿಗೆಲ್ಲ ನಾವೇ ಎಣ್ಣೆ ಒತ್ತುತ್ತೇವೆ. ನಮ್ಮ ತಲೆಗೆ ಯಾರು ಒತ್ತುತ್ತಾರೆ? ವಾರಕ್ಕೊಮ್ಮೆ ನಾವೇ ಒತ್ತಿಕೊಳ್ಳೋಣ. ಇಲ್ಲವೇ ಇಬ್ಬರು ಗೆಳತಿಯರು ಒಬ್ಬರಿಗೊಬ್ಬರು ಒತ್ತೋಣ.

ಎರಡು ಚಮಚ ಕೊಬ್ಬರಿ ಎಣ್ಣೆ ಸಾಕು. ಉಗುರು ಬೆಚ್ಚಗೆ ಮಾಡಿ. ಬೆರಳ ತುದಿಯಿಂದ ಬುಡಕ್ಕೆ ಹಚ್ಚಿ. ಉಗುರು ತಾಗಿಸಬೇಡಿ. ಅರ್ಧ ಗಂಟೆ ಬಿಟ್ಟು ತಲೆಗೆ ನೀರು ಹಾಕಿಕೊಳ್ಳಿ.

ಸೀಗೆಪುಡಿಯನ್ನು ಮನೆಯಲ್ಲೇ ಮಾಡಬಹುದು. 1 ಕಿಲೋ ಸೀಗೆಕಾಯಿಗೆ 200 ಗ್ರಾಂ ಅಂಟುವಾಳ ಕಾಯಿ, 100 ಗ್ರಾಂ ಮೆಂತ್ಯ, 200 ಗ್ರಾಂ ಹೆಸರುಕಾಳು ಸೇರಿಸಿ. ಅಂಟುವಾಳದ ಬೀಜ ತೆಗೆಯಬೇಕು. ಎಲ್ಲವನ್ನೂ ಬಿಸಿಲಲ್ಲಿ ಗರಿಗರಿ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಇಲ್ಲವಾದರೆ ಸೀನು ನಿಲ್ಲುವುದಿಲ್ಲ! ಪುಡಿಯನ್ನು ಗಂಜಿ ತಿಳಿಯಲ್ಲಿ ಕಲಸಿದರೆ ಕೂದಲು ಒರಟಾಗುವುದಿಲ್ಲ. ಮಲೆನಾಡಿನ ಹೆಂಗಸರು ದಾಸವಾಳದ ಎಲೆ ಹಿಸುಕಿ ಲೋಳೆ ತೆಗೆಯುತ್ತಾರೆ. ಅದಕ್ಕೆ ಗೊಂಪು ಅಂತಾರೆ. ಅದೂ ಒಳ್ಳೆಯದೇ.

ಸೀಗೆಕಾಯಿ, ಅಂಟುವಾಳ ನೊರೆ ಬರುವುದು ಯಾಕೆ? ಅವುಗಳಲ್ಲಿ ಸೋಪಿನಂಥ ಗುಣದ ಒಂದು ವಸ್ತು ಇದೆ. ಅದು ಎಣ್ಣೆ, ಕೊಳೆ ಎರಡನ್ನೂ ಬಿಡಿಸುತ್ತದೆ. ಕಣ್ಣಿಗೆ ಹೋದರೆ ಮಾತ್ರ ಉರಿ. ಕೂಡಲೇ ತಣ್ಣೀರಿನಿಂದ ತೊಳೆಯಿರಿ.

ಒಂದು ಎಚ್ಚರ. ಎಣ್ಣೆ ಬಿದ್ದ ಬಚ್ಚಲು ಜಾರುತ್ತದೆ. ವಯಸ್ಸಾದವರ ಮೂಳೆ ಬೇಗ ಮುರಿಯುತ್ತದೆ. ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ. ಬಚ್ಚಲಿಗೆ ಗೋಣಿತಾಟು ಹಾಸಿ. ನಿಂತು ಸ್ನಾನ ಮಾಡಬೇಡಿ. ಮಣೆಯ ಮೇಲೆ ಕೂತು ಮಾಡಿ.

ನೆರೆತ ಕೂದಲು

ಕೂದಲಿಗೆ ಬಣ್ಣ ಕೊಡುವ ಕಣಗಳು ಬುಡದಲ್ಲಿವೆ. ವಯಸ್ಸಾದಂತೆ ಅವು ಕೆಲಸ ನಿಲ್ಲಿಸುತ್ತವೆ. ಆಗ ಕೂದಲು ಬೆಳ್ಳಗಾಗುತ್ತದೆ. ಇದು ರೋಗವಲ್ಲ. ಯಾವ ಎಣ್ಣೆಯೂ ವಯಸ್ಸಿಗೆ ನೆರೆತ ಕೂದಲನ್ನು ಮತ್ತೆ ಕಪ್ಪು ಮಾಡುವುದಿಲ್ಲ. ಹಾಗೆಂದು ಹೇಳಿ ಮಾರುವವರಿಗೆ ದುಡ್ಡು ಕೊಡಬೇಡಿ. "ಒಂದು ಬಿಳಿ ಕೂದಲು ಕಿತ್ತರೆ ಹತ್ತು ಬರ್ತವೆ" ಅನ್ನುವುದೂ ಸುಳ್ಳು.

ಬಣ್ಣ ಹಚ್ಚಬೇಕೆಂಬ ಆಸೆಯೇ? ಹಚ್ಚಿಕೊಳ್ಳಿ. ನಾಚಿಕೆ ಯಾಕೆ? ಆದರೆ ಕೆಲವರಿಗೆ ಬಣ್ಣದಿಂದ ತುರಿಕೆ, ಊತ ಬರುತ್ತದೆ. ಮೊದಲು ಕಿವಿಯ ಹಿಂದೆ ಒಂದು ಚೂರು ಹಚ್ಚಿ, 2 ದಿನ ಕಾದು ನೋಡಿ. ಬಣ್ಣವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಹೊಟ್ಟೆಗೆ ಹೋದರೆ ಅದು ವಿಷ. ಬೆಳ್ಳಗೇ ಇರಲಿ ಅನ್ನುವವರು ಹಾಗೇ ಬಿಡಿ. ಬೆಳ್ಳಿಯಂಥ ತುರುಬಿಗೆ ಕನಕಾಂಬರ ಇನ್ನೂ ಚೆನ್ನಾಗಿ ಕಾಣುತ್ತದೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ಎರಡು ಎಳೆ ಕಂಡರೆ ಗಾಬರಿ ಬೇಡ. ಕಂತೆ ಕಂತೆ ಉದುರಿದರೆ, ಜೊತೆಗೆ ಸುಸ್ತು ಇದ್ದರೆ, ರಕ್ತ ಕಡಿಮೆ ಇರಬಹುದು. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಕೂದಲಿನ ಹಿಂದೆ ಕಣ್ಣೀರಿನ ಕತೆ

ನಮ್ಮಲ್ಲಿ ಅನೇಕರು ಗಂಡನನ್ನು ಕಳೆದುಕೊಂಡವರು. "ಅವಳಿಗೆ ಇನ್ನೇನು ಸಿಂಗಾರ?" ಎಂಬ ಮಾತು ನಮಗೆ ಹೊಸದಲ್ಲ.

ಹಿಂದೆ ಕೆಲವು ಜಾತಿಗಳಲ್ಲಿ, ಮುಖ್ಯವಾಗಿ ಬ್ರಾಹ್ಮಣರಲ್ಲಿ, ವಿಧವೆಯ ತಲೆ ಬೋಳಿಸುತ್ತಿದ್ದರು. ಆಟವಾಡುವ ವಯಸ್ಸಿನ ಹುಡುಗಿಯರನ್ನೂ ಬಿಡಲಿಲ್ಲ. ಮುಂಡ ಅಂದರೆ ಬೋಳು ತಲೆ. 'ಮುಂಡೆ', 'ಬೋಳಿ' ಎಂಬ ಬೈಗುಳ ಅಲ್ಲಿಂದಲೇ ಹುಟ್ಟಿದವು. ನಲ್ಲಿಯ ಹತ್ತಿರ ಜಗಳವಾದರೆ ನಾವೇ ಈ ಮಾತು ಆಡುತ್ತೇವೆ. ಒಬ್ಬ ಹೆಣ್ಣಿನ ನೋವನ್ನೇ ಇನ್ನೊಬ್ಬ ಹೆಣ್ಣಿಗೆ ಬೈಗುಳ ಮಾಡುತ್ತೇವೆ. ಅರ್ಥ ತಿಳಿದ ಮೇಲೆ ಈ ಮಾತು ಬಾಯಿಗೆ ಬರಬಾರದು.

ತಲೆ ಬೋಳಿಸುವುದು ಹೋಯಿತು. ಆದರೆ ಹೂ ತೆಗೆಯುವುದು, ಬಳೆ ಒಡೆಯುವುದು, ಕುಂಕುಮ ಅಳಿಸುವುದು ಹಲವು ಕಡೆ ಇನ್ನೂ ಇದೆ. ಇದು ಯಾವ ಕಾನೂನಿನಲ್ಲೂ ಇಲ್ಲ. ವಿಧವೆಯ ಮರುಮದುವೆಗೇ 1856ರಲ್ಲಿ ಕಾನೂನು ಬಂತು. ಮದುವೆಗೇ ಅಡ್ಡಿ ಇಲ್ಲ ಅಂದ ಮೇಲೆ ಒಂದು ಮೊಳ ಹೂವಿಗೆ ಅಡ್ಡಿ ಯಾಕೆ?

ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆ ನಮ್ಮ ಬೆಳಗಾವಿ ಜಿಲ್ಲೆಯ ಪಕ್ಕದಲ್ಲೇ ಇದೆ. ಅಲ್ಲಿ ಹೇರವಾಡ ಎಂಬ ಊರು. 2022ರ ಮೇ ತಿಂಗಳಲ್ಲಿ ಆ ಊರಿನವರು ಗ್ರಾಮಸಭೆ ಸೇರಿ ಒಂದು ನಿರ್ಣಯ ಮಾಡಿದರು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವಂತಿಲ್ಲ, ಕುಂಕುಮ ಅಳಿಸುವಂತಿಲ್ಲ, ತಾಳಿ ಕೀಳುವಂತಿಲ್ಲ ಎಂದರು. ಬೇರೆ ಊರುಗಳೂ ಹೀಗೆ ಮಾಡಲಿ ಎಂದು ಅಲ್ಲಿನ ಸರ್ಕಾರ ಹೇಳಿತು. ನಮ್ಮ ಊರಿನಲ್ಲೂ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಾತಾಡುವ ಹಕ್ಕು ನಮಗೂ ಇದೆ.

ಕತೆ ಓದುವ ಸುಖ

ಈಗ ನಮಗೆ ಓದು ಬಂತು. ಬಸ್ಸಿನ ಬೋರ್ಡು ಓದುತ್ತೇವೆ. ರಸೀದಿ ಓದುತ್ತೇವೆ. ಇಷ್ಟಕ್ಕೇ ನಿಲ್ಲಿಸಬೇಕೇ? ಸುಖಕ್ಕಾಗಿಯೂ ಓದಬಹುದು. ಅದಕ್ಕೇ ಕಾದಂಬರಿ ಇರುವುದು.

ಕಾದಂಬರಿ ಅಂದರೆ ಉದ್ದದ ಕತೆ. ಕಾದಂಬರಿ ಎಂಬುದು ಒಬ್ಬ ಹೆಣ್ಣಿನ ಹೆಸರು! ಬಾಣಭಟ್ಟ ಎಂಬ ಕವಿ ತುಂಬಾ ಹಿಂದೆ ಸಂಸ್ಕೃತದಲ್ಲಿ ಒಂದು ಕತೆ ಬರೆದ. ಅದರ ನಾಯಕಿ ಕಾದಂಬರಿ. ಅವಳ ಹೆಸರೇ ಕನ್ನಡದಲ್ಲಿ ಇಂಥ ಪುಸ್ತಕಗಳಿಗೆಲ್ಲ ನಿಂತಿತು.

ಕನ್ನಡದಲ್ಲಿ ಹೆಂಗಸರು ಎಷ್ಟೋ ಕಾದಂಬರಿ ಬರೆದಿದ್ದಾರೆ. ನಂಜನಗೂಡಿನ ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಚಿಕ್ಕ ವಯಸ್ಸಿಗೇ ವಿಧವೆಯಾದರು. ಆದರೂ ಓದಿದರು, ಬರೆದರು, ಪುಸ್ತಕ ಅಚ್ಚು ಹಾಕಿಸಿದರು. ಮೈಸೂರಿನ ತ್ರಿವೇಣಿ ಹೆಣ್ಣಿನ ಮನಸ್ಸಿನ ನೋವು ಬರೆದರು. ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಹೆಂಗಸಿನ ಕತೆ ಅವರ 'ಶರಪಂಜರ'. ಆಕೆ ಗುಣವಾಗಿ ಬಂದರೂ ಮನೆಯವರು ನಂಬುವುದಿಲ್ಲ. ಇದು ಸಿನಿಮಾ ಕೂಡ ಆಗಿದೆ.

ಎಂ.ಕೆ. ಇಂದಿರಾ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದರು. ಶಾಲೆಗೆ ಹೋದದ್ದು ಕೆಲವೇ ವರ್ಷ. ಬೇಗ ಮದುವೆಯಾಯಿತು. ಅವರ ಮೊದಲ ಕಾದಂಬರಿ 'ತುಂಗಭದ್ರ' ಹೊರಬಂದದ್ದು 1963ರಲ್ಲಿ. ಲೆಕ್ಕ ಹಾಕಿ ನೋಡಿ, ಆಗ ಅವರ ವಯಸ್ಸೆಷ್ಟು? 46! "ಈ ವಯಸ್ಸಲ್ಲಿ ಇದೆಲ್ಲ ಯಾಕೆ?" ಅಂತ ಅವರು ಸುಮ್ಮನೆ ಕೂರಲಿಲ್ಲ.

ಅವರ 'ಫಣಿಯಮ್ಮ' 1976ರಲ್ಲಿ ಬಂತು. ಇದು ಅವರ ಬಳಗದಲ್ಲೇ ಬಾಳಿದ ಒಬ್ಬ ಅಜ್ಜಿಯ ಕತೆ. ಫಣಿಯಮ್ಮ ಬಾಲವಿಧವೆ. ಅವಳ ತಲೆ ಬೋಳಿಸುತ್ತಾರೆ. ಅವಳು ಬಾಳೆಲ್ಲ ಬೇರೆಯವರಿಗೆ ದುಡಿಯುತ್ತಾಳೆ. ಮುಂದೆ ಒಬ್ಬ ಎಳೆಯ ವಿಧವೆ "ನಾನು ತಲೆ ಬೋಳಿಸಿಕೊಳ್ಳಲಾರೆ" ಅನ್ನುತ್ತಾಳೆ. ಆಗ ಅವಳ ಪರವಾಗಿ ನಿಲ್ಲುವವಳು ಈ ಅಜ್ಜಿಯೇ. ತನಗೆ ಸಿಗದ ಸುಖ ಇನ್ನೊಬ್ಬಳಿಗಾದರೂ ಸಿಗಲಿ ಎಂಬ ದೊಡ್ಡ ಮನಸ್ಸು ಅವಳದು.

ದಪ್ಪ ಪುಸ್ತಕ ನೋಡಿ ಹೆದರಬೇಡಿ. ದಿನಕ್ಕೆ ಎರಡು ಪುಟ ಓದಿದರೆ ಸಾಕು. ತಿಳಿಯದ ಪದ ಬಂದರೆ ದಾಟಿ ಮುಂದೆ ಹೋಗಿ. ನಿಲ್ಲಿಸಿದ ಕಡೆ ಒಂದು ದಾರ ಇಡಿ. ಮೂರು ನಾಲ್ಕು ಜನ ಸೇರಿ ಓದಿದರೆ ಇನ್ನೂ ಚೆನ್ನ. ಒಬ್ಬರು ಓದಲಿ, ಉಳಿದವರು ಹೂ ಕಟ್ಟಲಿ, ಕಾಳು ಆರಿಸಲಿ.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. ಅದು ಗಂಡಸರು ಪೇಪರು ಓದುವ ಜಾಗ ಮಾತ್ರ ಅಲ್ಲ. ನಮ್ಮದೂ ಹೌದು.

ಚಾಳೀಸು ಬಂದರೆ

"ಅಕ್ಷರ ಮಂಜಾಗಿ ಕಾಣ್ತವೆ" ಅಂತ ಪುಸ್ತಕ ಮುಚ್ಚಿಡುವವರು ಬಹಳ. ಇದಕ್ಕೆ ಚಾಳೀಸು ಅಂತಾರೆ. ಹಿಂದಿಯಲ್ಲಿ ಚಾಲೀಸ್ ಅಂದರೆ 40. ಆ ವಯಸ್ಸಿನ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಗಡುಸಾಗುತ್ತದೆ. ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಓದುವ ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆ. ಓದಿದರೆ ಕಣ್ಣು ಕೆಡುವುದಿಲ್ಲ. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ದಣಿಯುತ್ತದೆ, ಅಷ್ಟೇ. ಕನ್ನಡಕ ಹಾಕಿದರೂ ಮಂಜಾಗಿದ್ದರೆ ಪೊರೆ ಇರಬಹುದು. ಪೊರೆಯ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಅತ್ತೆ ಸೊಸೆ ಮಾತು

ಓದಲು ಕೂತರೆ ಮನೆಯಲ್ಲಿ ಏನೆಂದಾರು ಎಂಬ ಅಳುಕು ಇರುತ್ತದೆ. ಈ ಮಾತುಕತೆ ಇಬ್ಬರು ಗಟ್ಟಿಯಾಗಿ ಓದಿ.

ಸೊಸೆ: ಅಲ್ಲ ಅತ್ತೆ, ಈ ವಯಸ್ಸಲ್ಲಿ ಕತೆ ಪುಸ್ತಕ ಓದಿ ಏನ್ ಮಾಡ್ತೀರಿ?

ಅತ್ತೆ: ನೀನು ಟಿ.ವಿ. ಯಾಕೆ ನೋಡ್ತೀಯವ್ವ?

ಸೊಸೆ: ಬೇಜಾರು ಕಳೀಲಿ ಅಂತ.

ಅತ್ತೆ: ನನಗೂ ಬೇಜಾರು ಆಗುತ್ತೆ ಕಣವ್ವ. ಮೊದಲು ಯಾರಾದರೂ ಕತೆ ಹೇಳ್ತಾರಾ ಅಂತ ಕಾಯ್ತಿದ್ದೆ. ಈಗ ಕಾಯೋದು ಬೇಡ.

ಸೊಸೆ: ಸರಿ, ಇದರಲ್ಲಿ ಏನಿದೆ?

ಅತ್ತೆ: ಸೊಪ್ಪು ಬಿಡಿಸ್ತಾ ಕೂತ್ಕೋ. ಓದ್ತೀನಿ.

(ಸ್ವಲ್ಪ ಹೊತ್ತಾದ ಮೇಲೆ)

ಸೊಸೆ: ಯಾಕತ್ತೆ ನಿಲ್ಲಿಸಿದಿರಿ? ಆಮೇಲೆ ಆ ಹುಡುಗಿ ಏನಾದಳು?

ಅತ್ತೆ: ಒಲೆ ಮೇಲೆ ಅನ್ನ ಇದೆ, ನೋಡ್ಕೊಂಡು ಬಾ. ಹೇಳ್ತೀನಿ.

ಚರ್ಚೆ ಮಾಡಿ

1. ನಿಮಗಾಗಿಯೇ ನೀವು ಮಾಡಿಕೊಳ್ಳುವ ಒಂದು ಕೆಲಸ ಯಾವುದು?

2. ಗಂಡ ತೀರಿಕೊಂಡ ಹೆಂಗಸು ಹೂ ಮುಡಿದರೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ನೀವು ಏನನ್ನುತ್ತೀರಿ?

3. ಹೇರವಾಡದವರು ಮಾಡಿದ ನಿರ್ಣಯ ನಿಮ್ಮ ಗ್ರಾಮಸಭೆಯಲ್ಲಿ ಆಗಬೇಕೇ? ಅದನ್ನು ಯಾರು ಎತ್ತುತ್ತೀರಿ?

ಬರೆಯಿರಿ

"ನನಗೆ ಇಷ್ಟ" ಎಂದು ಮೇಲೆ ಬರೆಯಿರಿ. ಕೆಳಗೆ ನಿಮಗೆ ಸುಖ ಕೊಡುವ 5 ಸಂಗತಿ ಬರೆಯಿರಿ. ಮಕ್ಕಳ ಇಷ್ಟ, ಗಂಡನ ಇಷ್ಟ ಬೇಡ. ನಿಮ್ಮ ಇಷ್ಟ ಮಾತ್ರ.