ಹದ್ದಿನ ಗೂಡಿಗೆ ನಿಮ್ಮ ಕಾವಲು ಬೇಕಿಲ್ಲ

ಪ್ರಶ್ನೆ:

ಮೇಡಂ, ನನಗೆ 66 ವರ್ಷ. ತವರು ಕಲಬುರಗಿ, ಮದುವೆಯಾಗಿ ಬಂದದ್ದು ಹೈದರಾಬಾದಿಗೆ. ಕಾಚಿಗುಡದ ಕಡೆ ಮನೆ. ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ರಿಟೈರ್ಡ್. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಚಿಕ್ಕ ಮಗ, ಸೊಸೆಯ ಜೊತೆ ಇದ್ದೇನೆ. ದೊಡ್ಡವನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. ಈ ಜನವರಿಯಲ್ಲಿ ಅವನು ವಾಟ್ಸಾಪಿಗೆ ಒಂದು ಲಿಂಕ್ ಕಳಿಸಿದ. "ಅವ್ವಾ, ಬ್ಯಾಸರ ಬಂದಾಗ ಇದನ್ನ ನೋಡು" ಅಂದ. ತೆರೆದರೆ ಒಂದು ಹದ್ದಿನ ಗೂಡು. ಮೊದಮೊದಲು ಹತ್ತು ನಿಮಿಷ ನೋಡಿ ಇಡುತ್ತಿದ್ದೆ. ಮಾರ್ಚಿನಲ್ಲಿ ಮೂರು ಮರಿ ಆದ ಮೇಲೆ ಬಿಡಲಾಗಲಿಲ್ಲ. ಇಲ್ಲಿ ರಾತ್ರಿಯಾದರೆ ಅಲ್ಲಿ ಹಗಲು, ಹಾಗಾಗಿ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂರುತ್ತಿದ್ದೆ. ಸೊಸೆ ಬಂದು "ಅತ್ತೀ, ಮಲ್ಕೋರಿ, ಬಿಪಿ ಏರ್ತದ" ಅನ್ನುತ್ತಿದ್ದಳು.

ಹೋಳಿಯ ದಿನ ಮಧ್ಯಾಹ್ನ ಉಂಡು ಒರಗಿದ್ದೆ. ನಾನು ಮಲಗಿದಾಗಲೇ ಆಗಿದ್ದು. ಸಂಜೆ ಅಲ್ಲಿ ಬೆಳಕಾದಾಗ ನೋಡಿದರೆ ಎರಡೇ ಮರಿ. ನಾಲ್ಕಾರು ದಿನ ಊಟ ಸೇರಲಿಲ್ಲ. "ಅದು ಹಕ್ಕಿ ಅವ್ವಾ, ಕಾಡಿನಾಗ ಹಿಂಗೇ ಆಗ್ತದ" ಅಂದ ಮಗ. ಕ್ಯಾಮೆರಾ ಇಟ್ಟವರು ನೋಡುತ್ತಲೇ ಇದ್ದರಲ್ಲ, ಏಕೆ ಕಾಪಾಡಲಿಲ್ಲ? ಉಳಿದ ಎರಡು ಮರಿ ಜೂನಿನಲ್ಲಿ ಹಾರಿಹೋದವು. ಗೂಡು ಖಾಲಿ ಇದೆ. ಆದರೂ ರಾತ್ರಿ ಎರಡಕ್ಕೆ ಎಚ್ಚರವಾಗಿ ತೆರೆದು ನೋಡುತ್ತೇನೆ. ನಿದ್ದೆ ಬರದಾಗ ಯಜಮಾನರಿಗೆ ಬರೆದುಕೊಟ್ಟಿದ್ದ ಮಾತ್ರೆ ಉಳಿದಿದೆ, ಅದರಲ್ಲಿ ಅರ್ಧ ನುಂಗುತ್ತೇನೆ. ಜನವರಿಯಲ್ಲಿ ಮತ್ತೆ ಮೊಟ್ಟೆ ಇಟ್ಟರೆ ನೋಡಲೋ ಬೇಡವೋ?

ಇನ್ನೊಂದು ಮಾತು. ಯಜಮಾನರು ಹೋದಾಗ ನಾನು ಇಷ್ಟು ಅತ್ತಿರಲಿಲ್ಲ. ಐಸಿಯು ಹೊರಗೆ ಅಷ್ಟೂ ರಾತ್ರಿ ಕೂತವಳು ನಾನು. ಮನೆಗೆ ಹೋಗಿ ಸ್ವಲ್ಪ ಮಲಗು ಎಂದು ಎಲ್ಲರೂ ಕಳಿಸಿದರು, ನಾನು ಮಲಗಿದಾಗಲೇ ಹೋದರು. ನನ್ನ ತಲೆ ಕೆಟ್ಟಿದೆಯೇ?

– ಹೆಸರು ಬೇಡ, ಹೈದರಾಬಾದ್

ಉತ್ತರ:

ಇಲ್ಲ ತಾಯಿ, ನಿಮ್ಮ ತಲೆ ಸರಿಯಾಗಿಯೇ ಇದೆ. ಕೆಟ್ಟಿರುವುದು ನಿದ್ದೆ. ಅದಕ್ಕೆ ದಾರಿ ಇದೆ.

ಮೊದಲು ಹದ್ದಿನ ವಿಚಾರಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಅದರ ಬಗ್ಗೆ ಯಾರೂ ಸರಿಯಾಗಿ ಕೂತು ಮಾತಾಡಿದಂತೆ ಕಾಣಲಿಲ್ಲ. ನೀವು ನೋಡಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕಣಿವೆಯ ಜಾಕಿ ಮತ್ತು ಶ್ಯಾಡೊ ಎಂಬ ಬಿಳಿ ತಲೆಯ ಹದ್ದುಗಳ ಜೋಡಿ. 'ಫ್ರೆಂಡ್ಸ್ ಆಫ್ ಬಿಗ್ ಬೇರ್ ವ್ಯಾಲಿ' ಎಂಬ ಸಂಸ್ಥೆ ಆ ಕ್ಯಾಮೆರಾ ನಡೆಸುತ್ತದೆ. ನೀವು ಈ ವರ್ಷ ಸೇರಿಕೊಂಡಿರಿ. ಹಿಂದಿನ ವರ್ಷಗಳಿಂದ ನೋಡುತ್ತಿರುವವರ ಸಂಕಟ ಇನ್ನೂ ದೊಡ್ಡದು. 2023ರಲ್ಲಿ ಇಟ್ಟ ಮೊಟ್ಟೆಗಳು ಒಡೆಯಲಿಲ್ಲ. 2024ರಲ್ಲಿ ಜಾಕಿ ಮೂರು ಮೊಟ್ಟೆ ಇಟ್ಟಳು. ಫೆಬ್ರವರಿಯ ಹಿಮಪಾತದಲ್ಲಿ 60 ಗಂಟೆಗೂ ಮೇಲೆ ಎದ್ದೇಳದೆ, ಬೆನ್ನ ಮೇಲೆ ಹಿಮ ಹೊತ್ತು ಕೂತಳು. ಆ ಮೂರರಲ್ಲಿ ಒಂದೂ ಮರಿಯಾಗಲಿಲ್ಲ. ಕಾವಿನ ದಿನಗಳು ಮುಗಿದು ವಾರಗಳು ಕಳೆದರೂ ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಬಂದು ಕೂರುತ್ತಲೇ ಇದ್ದವು. ಅಷ್ಟು ಕಾದ ಮೇಲೆ, 2025ರ ಮಾರ್ಚ್ 3, 4 ಮತ್ತು 8ರಂದು ಮೂರು ಮರಿ. ಜಗತ್ತಿನ ಎಲ್ಲೆಲ್ಲೋ ಇರುವ ಸಾವಿರಾರು ಜನ ಅದನ್ನು ಕಂಡು ಅತ್ತರು, ಒಂದು ಮರಿ ಇಲ್ಲವಾದ 14ರಂದು ಮತ್ತೆ ಅತ್ತರು. ನೀವೊಬ್ಬರೇ ಅಲ್ಲ.

ಇನ್ನು "ಏಕೆ ಕಾಪಾಡಲಿಲ್ಲ" ಎಂಬ ಸಿಟ್ಟು. ನೀವು ಟೀಚರ್ ಆಗಿದ್ದವರು, ಲೆಕ್ಕ ಒಪ್ಪಿಸುತ್ತೇನೆ, ನೀವೇ ನೋಡಿ. ಮೂರನೇ ಮರಿ ಮೊದಲನೆಯದಕ್ಕಿಂತ ಐದು ದಿನ ಚಿಕ್ಕದು. ಹದ್ದಿನ ಮರಿಗಳು ದಿನದಿಂದ ದಿನಕ್ಕೆ ಉಬ್ಬಿ ಬೆಳೆಯುವ ಆ ವಯಸ್ಸಿನಲ್ಲಿ ಐದು ದಿನ ಎಂದರೆ ಬಹಳ. ಮಾರ್ಚ್ 13ರ ರಾತ್ರಿ ಹಿಮ ಬಿರುಗಾಳಿ ಬಂದಾಗ ಅದಿನ್ನೂ ಒಂದು ವಾರವೂ ತುಂಬದ ಕೂಸು. ಮೈಯ ಬಿಸಿ ತಾನೇ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ತಾಯಿ-ತಂದೆಯ ಮೈಶಾಖವೇ ಗತಿ. ಗೂಡಿರುವುದು ಪೈನ್ ಮರದ ಮೇಲೆ, ನೆಲದಿಂದ ಸುಮಾರು 145 ಅಡಿ ಎತ್ತರದಲ್ಲಿ. ಆ ರಾತ್ರಿ, ಆ ಹಿಮದಲ್ಲಿ ಯಾರಾದರೂ ಹತ್ತಿದ್ದರೆ ಕಾವು ಕೊಡುತ್ತಿದ್ದ ಹದ್ದು ಹೆದರಿ ಎದ್ದುಬಿಡುತ್ತಿತ್ತು. ಆಗ ಒಂದರ ಬದಲು ಮೂರೂ ಹೋಗಬಹುದಿತ್ತು. 1940ರಿಂದ ಅಮೆರಿಕದಲ್ಲಿ ಈ ಹದ್ದುಗಳಿಗೆಂದೇ ಕಾನೂನಿದೆ. ಗೂಡಿನ ಗೊಡವೆಗೆ ಹೋಗುವುದು ಅಪರಾಧ. ಕ್ಯಾಮೆರಾ ಇಟ್ಟವರು ಕೈಕಟ್ಟಿ ಕೂತದ್ದು ಕಲ್ಲೆದೆಯಿಂದಲ್ಲ. ಹೋದ ಮರಿಗೆ ಆಮೇಲೆ ಮಿಸ್ಟಿ ಎಂದು ಹೆಸರಿಟ್ಟರು, ತೀರಿಕೊಂಡ ತಮ್ಮದೇ ಕಾರ್ಯಕರ್ತೆಯೊಬ್ಬರ ನೆನಪಿಗೆ. ಉಳಿದ ಎರಡಕ್ಕೆ ಆ ಊರಿನ ಮೂರನೇ ಕ್ಲಾಸಿನ ಮಕ್ಕಳು ಮತ ಹಾಕಿ ಸನ್ನಿ, ಗಿಜ್ಮೊ ಎಂದು ಹೆಸರು ಆರಿಸಿದರು.

ನಿಮ್ಮ ಮಗ ಹೇಳಿದ "ಕಾಡಿನಾಗ ಹಿಂಗೇ ಆಗ್ತದ" ಎಂಬ ಮಾತು ಸುಳ್ಳಲ್ಲ. ಆದರೆ ಅಳುವವರ ಮುಂದೆ ಸತ್ಯ ಹೇಳುವುದಕ್ಕೂ ಒಂದು ಹೊತ್ತಿದೆ. ಈ ಹದ್ದುಗಳ ಕುಲವೇ ಒಮ್ಮೆ ಅಳಿಯುವುದರಲ್ಲಿತ್ತು. 1963ರಲ್ಲಿ ಅಲಾಸ್ಕ ಬಿಟ್ಟು ಅಮೆರಿಕದ ನೆಲದಲ್ಲಿ ಉಳಿದಿದ್ದದ್ದು ಈ ಹದ್ದಿನ 417 ಜೋಡಿ. ಡಿಡಿಟಿ ಎಂಬ ಕೀಟನಾಶಕ ಮೀನಿನ ಮೂಲಕ ಮೈಸೇರಿ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಷೇಧವಾಯಿತು, ಈಗ 70 ಸಾವಿರಕ್ಕೂ ಹೆಚ್ಚು ಜೋಡಿಗಳಿವೆ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ಒಂದು ಮರಿ ಹೋದ ಸಂಕಟಕ್ಕೆ 70 ಸಾವಿರದ ಲೆಕ್ಕ ಔಷಧಿಯಾಗುವುದಿಲ್ಲ.

ಈಗ ನಿಮ್ಮ ಕಾಗದದ ಕೊನೆಯ ಭಾಗ. ಮೊಬೈಲ್ ಚಟ ಹಿಡಿದ ಹಿರಿಯರ ಕಾಗದಗಳು ನನಗೆ ಬೇಕಾದಷ್ಟು ಬರುತ್ತವೆ. ನಿಮ್ಮದನ್ನು ಓದುತ್ತ ಮೊದಲು ನಾನೂ ಅದೇ ಸಾಲಿಗೆ ಸೇರಿಸಿದ್ದೆ. ಆದರೆ "ನಾನು ಮಲಗಿದಾಗಲೇ" ಎಂದು ನೀವು ಎರಡು ಕಡೆ ಬರೆದಿದ್ದೀರಿ. ಒಮ್ಮೆ ಮರಿಗೆ, ಒಮ್ಮೆ ಯಜಮಾನರಿಗೆ. ಬೇಕೆಂದೇ ಬರೆದದ್ದಲ್ಲ ಅನ್ನಿಸುತ್ತದೆ, ಕೈಯೇ ಬರೆದಿದೆ. ಐಸಿಯು ಹೊರಗಿನ ಬೆಂಚಿನ ಮೇಲೆ ಬಾಗಿಲು ನೋಡುತ್ತ ಕೂತ ಅದೇ ಹೆಂಗಸು ಈಗ ಮೊಬೈಲ್ ಹಿಡಿದು ಕೂತಿದ್ದಾಳೆ. ನಾನು ಎಚ್ಚರವಿದ್ದರೆ ಏನೂ ಆಗುವುದಿಲ್ಲ, ಕಣ್ಣು ಮುಚ್ಚಿದರೆ ಕೈತಪ್ಪುತ್ತದೆ ಎಂಬ ನಂಬಿಕೆ ನಿಮ್ಮೊಳಗೆ ಕೂತುಬಿಟ್ಟಿದೆ. ಅದಕ್ಕೇ ಖಾಲಿ ಗೂಡನ್ನೂ ರಾತ್ರಿ ಎರಡಕ್ಕೆ ಎದ್ದು ನೋಡುತ್ತೀರಿ. ಹಕ್ಕಿಗಳ ಮೇಲಿನ ಪ್ರೀತಿಯಿಂದ ಖಾಲಿ ಕಡ್ಡಿಗಳನ್ನು ಯಾರೂ ನಡುರಾತ್ರಿ ನೋಡುವುದಿಲ್ಲ.

ಆ ನಂಬಿಕೆಯನ್ನು ಆ ಗೂಡಿನ ಎದುರೇ ಇಟ್ಟು ನೋಡೋಣ. ಮಾರ್ಚ್ 13ರ ರಾತ್ರಿ ಮರಿಯ ಮೈಮೇಲೆ ಅದರ ತಾಯಿಯೋ ತಂದೆಯೋ ಕೂತಿತ್ತು. ದೂರದಿಂದಲ್ಲ, ಎದೆಯ ಕೆಳಗೇ ಇಟ್ಟುಕೊಂಡು. ಆದರೂ ಉಳಿಯಲಿಲ್ಲ. ನಿಮ್ಮ ಯಜಮಾನರ ಬಳಿ ಆ ರಾತ್ರಿ ಡಾಕ್ಟರು, ನರ್ಸು, ಯಂತ್ರ ಎಲ್ಲ ಇದ್ದವು. ಬೆಂಚಿನ ಮೇಲೆ ನೀವೊಬ್ಬರು ಎಚ್ಚರವಿದ್ದಿದ್ದರೆ ಅವರು ಉಳಿಯುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ಕಡೆಯ ಗಳಿಗೆಯಲ್ಲಿ ಕೈಹಿಡಿಯಲಾಗಲಿಲ್ಲ ಎಂಬ ಕೊರಗು ಬೇರೆ, ಅದು ನಿಜವಾದದ್ದು. ಅದಕ್ಕಾಗಿ ಅಳಬೇಕು. ಆಗ ಅತ್ತಿರಲಿಲ್ಲ, ಈಗ ಅಳು ಬಂದಿದೆ, ಹಕ್ಕಿಯ ನೆಪದಲ್ಲಿ. ಗಂಡ ಸತ್ತ ಹೆಂಗಸಿಗೆ ಹದಿಮೂರು ದಿನ ಮನೆ ತುಂಬ ಜನ. ಹದಿನಾಲ್ಕನೇ ದಿನ ಮಕ್ಕಳ ಟಿಫಿನ್ ಬಾಕ್ಸು, ಬ್ಯಾಂಕಿನ ಕಾಗದ, ಪೆನ್ಷನ್ ಓಡಾಟ. ಅಳಲು ಪುರುಸೊತ್ತು ಎಲ್ಲಿ?

ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ತಂದರು: ನಾಲ್ಕು ಜನ ದುಃಖವೆಂದು ಒಪ್ಪದ ದುಃಖ. ಸಾಕಿದ ಪ್ರಾಣಿ ಸತ್ತಾಗ, ಗರ್ಭ ಕಳೆದಾಗ ಮಾತಾಡಿಸಲು ಯಾರೂ ಬರುವುದಿಲ್ಲ. ಹಂಚಿಕೊಳ್ಳಲಾಗದ ದುಃಖ ಬೇಗ ಇಳಿಯುವುದೂ ಇಲ್ಲ. ನಿಮ್ಮಲ್ಲಿ ಎರಡು ದುಃಖ ಒಂದರೊಳಗೊಂದು ಸೇರಿಕೊಂಡಿವೆ. ಹಾಗಾಗಿ ಸೊಸೆಯ ಹತ್ತಿರ ಹದ್ದಿನ ಮಾತು ಸಾಕು, ಯಜಮಾನರ ಕೊನೆಯ ರಾತ್ರಿಯ ಮಾತಾಡಿ. ರಾತ್ರಿ ಬಿಪಿಯ ಚಿಂತೆ ಮಾಡುವ ಸೊಸೆ ಖಂಡಿತ ಕೇಳುತ್ತಾಳೆ. ದೊಡ್ಡ ಮಗನ ಹತ್ತಿರವೂ ಮಾತಾಡಿ. ಅಂದ ಹಾಗೆ, ಆ ಗೂಡಿಗೂ ಅವನ ಮನೆಗೂ ಕಲಬುರಗಿಯಿಂದ ಮೈಸೂರಿಗಿರುವಷ್ಟು ದೂರ. ಅಲ್ಲಿ ಹಿಮ ಬಿದ್ದರೆ ಮಗನಿಗೆ ಚಳಿಯಾಗುತ್ತದೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ಅಂಜಿಕೆ ಇದ್ದರೆ ಬಿಟ್ಟುಬಿಡಿ, ಸ್ಯಾನ್ ಹೋಸೆ ಬೆಚ್ಚಗಿನ ಊರು.

ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಮೃದುವಾಗಿ ಹೇಳುವವಳಲ್ಲ. ಇನ್ನೊಬ್ಬರಿಗೆ ಬರೆದ ನಿದ್ದೆ ಮಾತ್ರೆ, ಅದೂ ಎರಡು ವರ್ಷ ಹಳೆಯದು, ಬಿಪಿ ಇರುವ ನಿಮ್ಮ ವಯಸ್ಸಿನಲ್ಲಿ ಅರ್ಧವೂ ಬೇಡ, ಕಾಲೂ ಬೇಡ. ರಾತ್ರಿ ಬಚ್ಚಲಿಗೆ ಎದ್ದಾಗ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರ ಬಗ್ಗೆ ಮೂಳೆ ಡಾಕ್ಟರನ್ನು ಕೇಳಿ, ಹೇಳುತ್ತಾರೆ. ಮರೆವು, ಮಂಕು ಬೇರೆ. ಆದರೆ ದಿನವೂ ನುಂಗುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ಈ ವಾರವೇ ನಿಮ್ಮ ಡಾಕ್ಟರಿಗೆ ಆ ಮಾತ್ರೆ ತೋರಿಸಿ, ಅವರು ಹೇಳಿದಂತೆ ಬಿಡಿ.

ಜನವರಿಯಲ್ಲಿ ನೋಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ನೋಡಿ. ಆದರೆ ಹೊತ್ತು ಗೊತ್ತುಮಾಡಿಕೊಳ್ಳಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಮಾರ್ಚ್ ಎರಡನೇ ವಾರದಿಂದ ಹನ್ನೆರಡೂವರೆ. ನೀವು ರಾತ್ರಿ ಊಟ ಮುಗಿಸಿ ಕೂರುವ ಹೊತ್ತಿಗೆ ಅಲ್ಲಿ ಬೆಳಗಾಗಿರುತ್ತದೆ, ಶ್ಯಾಡೊ ಮೀನು ತರುವುದನ್ನು ಒಂಬತ್ತೂವರೆವರೆಗೆ ನೋಡಬಹುದು. ಮತ್ತೆ ಬೆಳಿಗ್ಗೆ ಆರರ ಚಹಾದ ಹೊತ್ತಿಗೆ ಅಲ್ಲಿ ಸಂಜೆ, ಯಾರು ಗೂಡಿನಲ್ಲಿ ಮಲಗುತ್ತಾರೆಂದು ನೋಡಿ. ನಡುವಿನ ಹೊತ್ತು ಮೊಬೈಲು ಪಡಸಾಲೆಯಲ್ಲಿ ಚಾರ್ಜಿಗಿರಲಿ, ನಿಮ್ಮ ಕೋಣೆಯಲ್ಲಲ್ಲ. ಏನಾದರೂ ತಪ್ಪಿಹೋಯಿತೆಂಬ ತಳಮಳ ಬೇಡ, ಆ ಲೈವನ್ನು ಬೆರಳಲ್ಲಿ ಹಿಂದಕ್ಕೆ ಎಳೆದು ಕಳೆದ ಗಂಟೆಗಳನ್ನು ನೋಡಬಹುದು. ಸೊಸೆ ತೋರಿಸಿಕೊಡುತ್ತಾಳೆ. ಹಗಲು ನಿದ್ದೆ ಅರ್ಧ ಗಂಟೆ ಸಾಕು.

ಹದ್ದು ನೋಡಲು ಕ್ಯಾಲಿಫೋರ್ನಿಯಾವೇ ಬೇಕೆಂದೂ ಇಲ್ಲ. ನಿಮ್ಮ ಮಾಳಿಗೆ ಹತ್ತಿದರೆ ಹೈದರಾಬಾದಿನ ಕರಿ ಹದ್ದುಗಳು ಕೈಗೆ ಸಿಗುವಷ್ಟು ಕೆಳಗೆ ತೇಲುತ್ತವೆ. ಅವು ಗೂಡು ಕಟ್ಟುವುದೂ ಹೆಚ್ಚಾಗಿ ಚಳಿಗಾಲದಲ್ಲೇ, ದೊಡ್ಡ ಮರಗಳ ಮೇಲೆ, ಮೊಬೈಲ್ ಟವರುಗಳ ಮೇಲೆ. ಗೂಡಿಗೆ ಕಡ್ಡಿಯ ಜೊತೆ ಚಿಂದಿ ಬಟ್ಟೆ, ವೈರು, ಪ್ಲಾಸ್ಟಿಕ್ ಎಲ್ಲ ಒಯ್ಯುತ್ತವೆ. ಎರಡು ಮೂರು ಮೊಟ್ಟೆ. ಇಲ್ಲಿ ನೀವು ಸುಮ್ಮನೆ ನೋಡಿ ಅಳಬೇಕಾಗಿಯೂ ಇಲ್ಲ, ಮಾಡುವ ಕೆಲಸವಿದೆ. ಸಂಕ್ರಾಂತಿಗೆ ನಿಮ್ಮ ಊರಿನ ಆಕಾಶದ ತುಂಬ ಗಾಳಿಪಟ. ನೈಲಾನ್ ಮಾಂಜಾ ದಾರವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಾದ್ಯಂತ ನಿಷೇಧಿಸಿದರೂ ಮಾರಾಟ ನಿಂತಿಲ್ಲ, ರೆಕ್ಕೆ ಕೊಯ್ದುಕೊಂಡ ಹದ್ದುಗಳು ಹಬ್ಬ ಮುಗಿದ ಮೇಲೂ ಮರಗಳಲ್ಲಿ ನೇತಾಡುತ್ತವೆ. ನಿಮ್ಮ ಬೀದಿಯ ಮಕ್ಕಳಿಗೆ ಹತ್ತಿಯ ದಾರವನ್ನೇ ಬಳಸಿ ಎಂದು ಒಬ್ಬ ಟೀಚರ್ ಹೇಳಿದರೆ ಕೇಳುತ್ತಾರೆ. ಊರಲ್ಲಿ 1980ರಿಂದ ನಡೆದುಬಂದಿರುವ 'ಡೆಕ್ಕನ್ ಬರ್ಡರ್ಸ್' ಎಂಬ ಹಕ್ಕಿ ನೋಡುವವರ ಬಳಗವಿದೆ, ಜನರನ್ನು ಸೇರಿಸಿಕೊಂಡು ಕೆರೆ ಗುಡ್ಡಗಳಿಗೆ ಹೋಗುತ್ತಾರೆ. ಸೊಸೆಯನ್ನು ಕರೆದುಕೊಂಡು ಒಮ್ಮೆ ಅಮೀನ್‌ಪುರ ಕೆರೆಗಾದರೂ ಹೋಗಿಬನ್ನಿ. ಕಾಲು ನೋವೆಂದರೆ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ನಿಮ್ಮ ಮನೆಗೆ ಹತ್ತಿರ. ಸಂಜೆ ನಾಲ್ಕು ಕನ್ನಡದ ಮುಖ ನೋಡಿ ಬಂದರೂ ರಾತ್ರಿಯ ಅರ್ಧ ಭಾರ ಇಳಿಯುತ್ತದೆ.

ಇಷ್ಟು ಮಾಡಿ ಒಂದು ತಿಂಗಳು ನೋಡಿ. ಅಷ್ಟರಲ್ಲಿ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕಿ ಏನು ಮಾಡಬೇಕು ಎಂಬ ಯೋಚನೆ ಒಮ್ಮೆ ಸುಳಿದರೂ ತಿಂಗಳು ಕಾಯಬೇಡಿ. ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಗೂಡನ್ನು ತೆರೆಯುವ ಬದಲು ಆ ನಂಬರನ್ನು ಒತ್ತಿ.